ಧ್ಯಾನಕ್ಕೆ ಕೂತರೆ ವಾಪಸ್ ಬಂದ ಚಟ್ನಿ ಪ್ಯಾಕೆಟ್ಟೇ ಕಣ್ಣ ಮುಂದೆ. ಪಾಸಿಟಿವ್ ಆಗಿರೋದು ಹೇಗೆ?

ರೊಟ್ಟಿ ತಟ್ಟುವವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ದಾವಣಗೆರೆಯವಳು, ವಯಸ್ಸು 34. ಹಗಲೆಲ್ಲ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಮತ್ತು ಭಾನುವಾರ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ ಮಾಡಿ ನಾಲ್ಕೈದು ಅಂಗಡಿಗೆ ಕೊಡುತ್ತೇನೆ. ಇವತ್ತಲ್ಲ ನಾಳೆ ಕೆಲಸ ಬಿಟ್ಟು ಇದನ್ನೇ ಮಾಡಬೇಕು, ಸ್ವಂತ ಬೋರ್ಡ್ ಹಾಕಬೇಕು ಅನ್ನೋದು ಆಸೆ. ಬೋರ್ಡಿನ ಬಣ್ಣ ಕೂಡ ಮನಸ್ಸಿನಲ್ಲಿ ತೀರ್ಮಾನ ಆಗಿದೆ. ಹಸಿರು ಬೋರ್ಡು, ಹಳದಿ ಅಕ್ಷರ.

ಐದು ತಿಂಗಳ ಹಿಂದೆ ಒಂದು ದಿನದ ಶಿಬಿರಕ್ಕೆ ಹೋಗಿದ್ದೆ. 1,500 ರೂಪಾಯಿ, ಊಟ ಸೇರಿ. ದಿನಾ ಬೆಳಿಗ್ಗೆ 20 ನಿಮಿಷ ಕಣ್ಣು ಮುಚ್ಚಿ ಕೂರಬೇಕು, ಕನಸು ಆಗಲೇ ನನಸಾಗಿದೆ ಅಂತ ನೋಡಬೇಕು, ಒಂದೇ ಒಂದು ನೆಗೆಟಿವ್ ಯೋಚನೆ ಬಂದರೂ ಕನಸು ಒಂದು ಹೆಜ್ಜೆ ಹಿಂದೆ ಹೋಗುತ್ತದೆ ಅಂದರು. ಅವತ್ತಿನಿಂದ ಒಂದು ದಿನವೂ ತಪ್ಪಿಸಿಲ್ಲ. ಮೊದಲು ಚೆನ್ನಾಗಿಯೇ ಇತ್ತು. ಎದ್ದಾಗ ಹಗುರ ಅನಿಸುತ್ತಿತ್ತು.

ಆಮೇಲೆ ಒಂದು ಅಂಗಡಿಯವರು 40 ಪ್ಯಾಕೆಟ್ ಚಟ್ನಿ ಪುಡಿ ವಾಪಸ್ ಕಳಿಸಿದರು. ನೀಲಿ ಕ್ರೇಟು, ಮೇಲೆ ರಬ್ಬರ್ ಬ್ಯಾಂಡಿಗೆ ಸಿಗಿಸಿದ ಚೀಟಿ, ಅದರಲ್ಲಿ ಬಾಲ್ ಪೆನ್ನಿನಲ್ಲಿ ಒಂದೇ ಪದ: ಕಮಟು. ಆ ಕ್ರೇಟನ್ನು ಮಂಚದ ಕೆಳಗೆ ತಳ್ಳಿ ಮೂರು ವಾರ ಆಯಿತು. ಇನ್ನೂ ತೆರೆದಿಲ್ಲ. ಈಗ ಕಣ್ಣು ಮುಚ್ಚಿದರೆ ಹಸಿರು ಬೋರ್ಡು ಬರುವುದಿಲ್ಲ, ಆ ಚೀಟಿ ಬರುತ್ತದೆ. ನೆಗೆಟಿವ್ ಯೋಚನೆ ಬಂತಲ್ಲ ಅಂತ ಹೆದರಿಕೆ. ಹೆದರಿದೆನಲ್ಲ ಅಂತ ಮತ್ತೊಂದು ಹೆದರಿಕೆ. ಕೂತಾಗಿನದಕ್ಕಿಂತ ಎದ್ದಾಗಲೇ ಜಾಸ್ತಿ ಸುಸ್ತು.

ನಾನು ಮಾಡುತ್ತಿರುವುದು ತಪ್ಪಾ? ಕನಸಿನ ಹಿಂದೆ ಬಿದ್ದು, ಧ್ಯಾನವನ್ನೂ ಮಾಡಿ, ಪಾಸಿಟಿವ್ ಆಗಿ ಉಳಿದವರು ಇಲ್ಲಿ ಯಾರಾದರೂ ಇದ್ದೀರಾ?

ಮಂಡಕ್ಕಿ ಮೆಣಸಿನಕಾಯಿ

ಐದು ತಿಂಗಳು ತಪ್ಪದೆ ಕೂತಿರಾ? ನಾನು ಐದು ನಿಮಿಷ ಕೂತರೆ ಗೊರಕೆ ಶುರು. ನಿಮಗೆ ಮೊದಲು ಒಂದು ನಮಸ್ಕಾರ.

ಬೆಳಗಿನ ಐದೂವರೆ

ಅಕ್ಕಾ, ಬಿಡಬೇಡಿ. ಇದು ಪರೀಕ್ಷೆಯ ಕಾಲ ಅಷ್ಟೇ. ಚೀಟಿ ಬಂದ ತಕ್ಷಣ ಅದನ್ನು ಅಳಿಸಿ ಬೋರ್ಡನ್ನು ಇನ್ನೂ ದೊಡ್ಡದು ಮಾಡಿ ನೋಡಿ. ನಾನು ಎರಡು ವರ್ಷದಿಂದ ಮಾಡುತ್ತಿದ್ದೇನೆ. ಮನಸ್ಸು ಏನನ್ನು ಗಟ್ಟಿಯಾಗಿ ಹಿಡಿಯುತ್ತದೋ ಅದೇ ಬರುತ್ತದೆ. ಸ್ವಂತ ಮನೆ ಆಗಬೇಕು ಅಂತ ದಿನಾ ನೋಡುತ್ತಿದ್ದೆ. ಸೈಟು ಆಯಿತು.

ಎಂಸಿಸಿ ಬಿ ಬ್ಲಾಕ್

ಸೈಟಿಗೆ ಸಾಲ ತೀರಿಸುತ್ತಿರೋದೂ ಮನಸ್ಸೇನಾ ಅಥವಾ ಸಂಬಳಾನಾ?

ಬೆಳಗಿನ ಐದೂವರೆ

ತಮಾಷೆ ಮಾಡೋರಿಗೆ ಏನೂ ಸಿಗಲ್ಲ ಬಿಡಿ.

ಬೀಜಗಣಿತ

ನಾನು ಪಿಯು ಮೇಷ್ಟ್ರು. ಈ ವಿಷಯ ಸ್ವಲ್ಪ ಓದಿಕೊಂಡಿದ್ದೇನೆ, ಅದಕ್ಕೆ ಬಾಯಿ ಹಾಕುತ್ತಿದ್ದೇನೆ.

ಗೇಬ್ರಿಯೆಲ್ ಓಟಿಂಗನ್ ಅಂತ ಒಬ್ಬರು ಮನಶ್ಶಾಸ್ತ್ರಜ್ಞೆ ಇದ್ದಾರೆ. ತೂಕ ಇಳಿಸಲು ಸೇರಿದ್ದ ಹೆಂಗಸರ ಮೇಲೆ ಒಂದು ಅಧ್ಯಯನ ಮಾಡಿ 1991ರಲ್ಲಿ ಪ್ರಕಟಿಸಿದರು. ‘ನನ್ನಿಂದ ಆಗುತ್ತದೆ’ ಅಂತ ನಂಬಿದ್ದವರು ಜಾಸ್ತಿ ತೂಕ ಇಳಿಸಿದರು. ಇದು ಸರಿಯೇ. ಆದರೆ ‘ಆಗಲೇ ತೆಳ್ಳಗಾಗಿದ್ದೇನೆ, ಎಲ್ಲರೂ ಹೊಗಳುತ್ತಿದ್ದಾರೆ’ ಅಂತ ಸಿಹಿ ಚಿತ್ರ ಕಟ್ಟಿಕೊಂಡವರು ಕಡಿಮೆ ಇಳಿಸಿದರು. ಎರಡೂ ಪಾಸಿಟಿವ್ವೇ, ಅಲ್ವಾ? ಫಲ ಮಾತ್ರ ಉಲ್ಟಾ. 2011ರಲ್ಲಿ ಅವರೇ ಇನ್ನೊಬ್ಬರ ಜೊತೆ ಸೇರಿ, ಇಂಥ ಚಿತ್ರ ನೋಡುವಾಗ ಮೈಯ ಹುರುಪು ಇಳಿಯುತ್ತದೆ ಅಂತ ರಕ್ತದೊತ್ತಡ ಅಳೆದು ತೋರಿಸಿದರು. ಮನಸ್ಸಿಗೆ ಕೆಲಸ ಮುಗಿದ ಹಾಗೆ ಅನಿಸಿಬಿಡುತ್ತದೆ. ಬೋರ್ಡು ಬಂದಾಯಿತಲ್ಲ, ಇನ್ನು ಯಾಕೆ ಶೇಂಗಾ ಹುರಿಯಬೇಕು?

ಅವರು ಹೇಳುವ ದಾರಿ ಬೇರೆ. ಆಸೆಯನ್ನು ನೋಡು, ಕೂಡಲೇ ಅದಕ್ಕೆ ಅಡ್ಡ ಇರುವುದನ್ನೂ ನೋಡು, ಅಡ್ಡ ಬಂದಾಗ ಏನು ಮಾಡುತ್ತೇನೆ ಅಂತ ಮೊದಲೇ ನಿಶ್ಚಯಿಸು. ನಿಮ್ಮ ಮನಸ್ಸು ಆ ಚೀಟಿಯನ್ನು ತಾನಾಗಿಯೇ ತೋರಿಸುತ್ತಿದೆ. ನೀವು ಅದನ್ನು ಶತ್ರು ಅಂದುಕೊಂಡಿದ್ದೀರಿ.

ಬೆಳಗಿನ ಐದೂವರೆ

ಅಮೆರಿಕದವರ ತೂಕದ ಲೆಕ್ಕ ನಮಗ್ಯಾಕೆ ಸಾರ್. ಧ್ಯಾನ ನಮ್ಮದು. ಸಾವಿರಾರು ವರ್ಷದ್ದು.

ಬೀಜಗಣಿತ

ಧ್ಯಾನ ನಮ್ಮದು, ಒಪ್ಪಿದೆ. ಪತಂಜಲಿ ಹೇಳಿದ್ದು ಚಿತ್ತದ ಓಡಾಟ ನಿಲ್ಲಿಸುವುದನ್ನು. ಅಂಗಡಿ ಬೋರ್ಡು ನೋಡಿ ಅಂತ ಎಲ್ಲಿ ಹೇಳಿದ್ದಾರೆ ತೋರಿಸಿ. ‘ಕನಸು ಆಗಲೇ ನನಸಾಗಿದೆ ಅಂದುಕೋ’ ಅನ್ನೋದೇ ಹೊರಗಿನಿಂದ ಬಂದ ಸರಕು ಸ್ವಾಮಿ.

ಮಂಡಕ್ಕಿ ಮೆಣಸಿನಕಾಯಿ

ಮೇಷ್ಟ್ರು ಸಿಕ್ಸರ್.

ಮಿಲ್ ಸೈರನ್

ನನಗೆ 71. ಪಾಸಿಟಿವ್ ಅನ್ನೋ ಪದ ನಾನು ಮೊದಲು ಕೇಳಿದ್ದು ರಕ್ತದ ಗ್ರೂಪ್ ನೋಡಿಸಿದಾಗ. ಈಗ ಮೊಮ್ಮಗನಿಂದ ಹಿಡಿದು ಹಾಲಿನವನವರೆಗೆ ಎಲ್ಲರ ಬಾಯಲ್ಲೂ ಅದೇ.

ನಮ್ಮಪ್ಪ ಮಿಲ್ಲಿನಲ್ಲಿದ್ದರು. ನಾನೂ 19 ವರ್ಷ ಅಲ್ಲೇ ನೂಲಿನ ಖಾತೆಯಲ್ಲಿ ದುಡಿದೆ. ಮೊದಲ ಪಾಳಿಯ ಸೈರನ್ ಕೂಗುವ ಮುಂಚೆ ಅಪ್ಪ ಸ್ನಾನ ಮಾಡಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ರೆಪ್ಪೆ ಬಡಿಯದೆ ನೋಡುತ್ತಾ ಕೂರುತ್ತಿದ್ದರು. ಒಂದು ಹತ್ತು ನಿಮಿಷ. ಲಿಂಗದ ಕಪ್ಪು ಹೊದಿಕೆಯ ಮೇಲೆ ದೀಪದ ಬೆಳಕು ಸಣ್ಣ ಚುಕ್ಕಿಯಾಗಿ ಕಾಣುತ್ತದೆ, ಆ ಚುಕ್ಕಿಯನ್ನೇ ನೋಡಬೇಕು. ನನಗೂ ಕಲಿಸಿದರು. ‘ಅಪ್ಪಾ, ಏನು ಕೇಳಿಕೊಳ್ಳಬೇಕು?’ ಅಂದೆ. ‘ಕೇಳೋಕೆ ಅದೇನು ರೇಷನ್ ಅಂಗಡೀನಾ, ಸುಮ್ನೆ ನೋಡು’ ಅಂದರು.

ಮಿಲ್ಲು ಮುಚ್ಚಿದಾಗ ನನಗೆ ಇಬ್ಬರು ಸಣ್ಣ ಮಕ್ಕಳು. ಬಾಕಿ ಹಣ ಬರಲು ವರ್ಷಗಳೇ ಹಿಡಿದವು. ಆಗಲೂ ಕೂತೆ. ಚುಕ್ಕಿ ನೋಡುತ್ತಾ ಕಣ್ಣಲ್ಲಿ ನೀರು. ಪಾಸಿಟಿವ್ ಏನೂ ಆಗಲಿಲ್ಲ. ಎದ್ದ ಮೇಲೆ ಸೈಕಲ್ ಹತ್ತಿ ಕೆಲಸ ಹುಡುಕಲು ಹೋದೆ ಅಷ್ಟೇ. ಕೂರದೆ ಇದ್ದಿದ್ದರೆ ಸೈಕಲ್ ಹತ್ತುತ್ತಿದ್ದೆನೋ ಇಲ್ಲವೋ.

ಮನಸ್ಸು ಕೊಂಬೆ ಮೇಲಿನ ಮಂಗ ಅಂತ ಬಸವಣ್ಣನವರೇ ಹೇಳಿಕೊಂಡಿದ್ದಾರೆ. ಅಂಥವರಿಗೇ ನಿಲ್ಲದ ಮನಸ್ಸು ಚಟ್ನಿ ಪುಡಿ ಮಾಡುವ ನಮ್ಮ ಮಗಳಿಗೆ ಐದು ತಿಂಗಳಿಗೆ ನಿಲ್ಲಬೇಕಾ?

ರೊಟ್ಟಿ ತಟ್ಟುವವಳು

ಅಜ್ಜಾ, ‘ಕೇಳೋಕೆ ರೇಷನ್ ಅಂಗಡೀನಾ’ ಓದಿ ಜೋರಾಗಿ ನಕ್ಕೆ. ಆಫೀಸಿನಲ್ಲಿ ಎಲ್ಲರೂ ತಿರುಗಿ ನೋಡಿದರು.

ಏಳು ಸುತ್ತು

ಚಿತ್ರದುರ್ಗದಿಂದ. ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವನು, ನಾಲ್ಕನೇ ಸಲ. ಎರಡು ವರ್ಷದ ಹಿಂದೆ ಬೆಂಗಳೂರು ಹತ್ತಿರದ ಕೇಂದ್ರದಲ್ಲಿ 10 ದಿನದ ವಿಪಶ್ಯನ ಧ್ಯಾನ ಶಿಬಿರ ಮಾಡಿ ಬಂದೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ, ಉಪಯೋಗ ಆಗಬಹುದು.

ಬೆಳಗಿನ 4ಕ್ಕೆ ಗಂಟೆ. ಫೋನು ಮೊದಲ ದಿನವೇ ಕೊಡಬೇಕು. ಪುಸ್ತಕ ಇಲ್ಲ, ಪೆನ್ನಿಲ್ಲ, ಮಾತಿಲ್ಲ, ಪಕ್ಕದವನ ಕಡೆ ಸನ್ನೆ ಕೂಡ ಇಲ್ಲ. ದಿನಕ್ಕೆ ಸುಮಾರು 10 ಗಂಟೆ ಕೂರುವುದು. ಮೊದಲ ಮೂರು ದಿನ ಉಸಿರು ಬಿಟ್ಟು ಬೇರೇನೂ ಇಲ್ಲ. ಮೂಗಿನ ತುದಿ ಮತ್ತು ಮೇಲ್ತುಟಿಯ ನಡುವೆ ಗಾಳಿ ತಾಗುವ ಜಾಗ ಗಮನಿಸಬೇಕು. ನಾನು ದೊಡ್ಡ ದೊಡ್ಡ ಅನುಭವ ಆಗುತ್ತದೆ ಅಂತ ಹೋಗಿದ್ದೆ. ಎರಡನೇ ದಿನ ಪೂರ್ತಿ ನನ್ನ ತಲೆಯಲ್ಲಿ ಓಡಿದ್ದು ಬೈಕಿನ ಕಂತು. ಮೂರನೇ ದಿನ 7ನೇ ಕ್ಲಾಸಿನಲ್ಲಿ ಒಬ್ಬನ ಕಂಪಾಸ್ ಬಾಕ್ಸ್ ಕದ್ದದ್ದು. ಕಾಲು ಮರದ ತುಂಡಾಗಿತ್ತು.

ಅಲ್ಲಿ ಒಮ್ಮೆಯೂ ‘ಒಳ್ಳೆಯದನ್ನೇ ಯೋಚಿಸು’ ಅನ್ನಲಿಲ್ಲ. ನೋವು ಬಂದರೆ ನೋವು ಬಂತು ಅಂತ ನೋಡು, ಖುಷಿ ಬಂದರೆ ಅದಕ್ಕೂ ಅಂಟಿಕೊಳ್ಳಬೇಡ, ಎರಡೂ ಹೋಗುತ್ತವೆ. ಇಷ್ಟೇ. ಪರೀಕ್ಷೆ ಪಾಸಾಯಿತಾ ಅಂದರೆ, ಇಲ್ಲ. ಆದರೆ ಮೊದಲು ಫಲಿತಾಂಶ ಬಂದ ಮೇಲೆ ಎರಡು ತಿಂಗಳು ಪುಸ್ತಕ ಮುಟ್ಟುತ್ತಿರಲಿಲ್ಲ. ಕಳೆದ ಸಲ ಒಂಬತ್ತನೇ ದಿನಕ್ಕೆ ಮುಟ್ಟಿದೆ. ನನ್ನ ಲಾಭ ಅದೊಂದೇ. ನನಗೆ ಅದು ಸಣ್ಣದಲ್ಲ.

ಎಂಸಿಸಿ ಬಿ ಬ್ಲಾಕ್

ಅಲ್ಲಿ ಎಷ್ಟು ಕಟ್ಟಿಸಿಕೊಳ್ಳುತ್ತಾರೆ? ಹತ್ತು ದಿನಕ್ಕೆ 25 ಸಾವಿರ ಅಂತ ಯಾರೋ ಹೇಳಿದ್ದರು.

ಏಳು ಸುತ್ತು

ತಪ್ಪು. ಊಟ, ವಸತಿ ಎಲ್ಲ ಪುಕ್ಕಟೆ. ಬರ್ಮಾದಿಂದ ಬಂದ ಗೋಯೆಂಕಾ ಅವರು 1969ರಲ್ಲಿ ಭಾರತದಲ್ಲಿ ಕಲಿಸಲು ಶುರು ಮಾಡಿದ ಪದ್ಧತಿ ಅದು. ಶಿಬಿರ ಮುಗಿಸಿದವರು ಮಾತ್ರ ಇಷ್ಟ ಇದ್ದರೆ ದಾನ ಕೊಡಬಹುದು. 25 ಸಾವಿರ ಕೇಳಿದವರು ಬೇರೆ ಯಾರೋ ಇರಬೇಕು.

ರೊಟ್ಟಿ ತಟ್ಟುವವಳು

ನಾನು 1,500 ಕೊಟ್ಟೆನಲ್ಲ! ಊಟಕ್ಕೆ ಪಲಾವ್ ಮತ್ತು ಮೊಸರನ್ನ.

ಎರಡು ಗಾಲಿ

ಒಂದು ಮಾತು ಹೇಳಲಾ? ಇದೆಲ್ಲ ಹೊಟ್ಟೆ ತುಂಬಿದವರ ಮಾತು. ಹತ್ತು ದಿನ ಫೋನ್ ಕೊಟ್ಟು ಕೂರೋಕೆ ನನಗೆ ಯಾರು ರಜೆ ಕೊಡುತ್ತಾರೆ? ನಾನು ಡೆಲಿವರಿ ಹುಡುಗ. ಫೋನ್ ಆಫ್ ಆದರೆ ಅವತ್ತಿನ ಅನ್ನ ಆಫ್. ನನಗೂ ಕನಸಿದೆ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತಗೊಂಡು ಮದುವೆ ಫೋಟೋ ತೆಗೆಯಬೇಕು ಅಂತ. ಪಾಸಿಟಿವ್ ಆಗಿರು ಅನ್ನೋರು ಯಾರೂ ಲೆನ್ಸ್ ಕೊಡಿಸಲ್ಲ.

ಮಿಲ್ ಸೈರನ್

ತಮ್ಮಾ, ಕೋಪ ಸರಿ ಇದೆ. ರೈಲ್ವೆ ಗೇಟ್ ಹಾಕಿದಾಗ ಏನು ಮಾಡುತ್ತೀಯ?

ಎರಡು ಗಾಲಿ

ಹಾರ್ನ್ ಹೊಡೆಯುತ್ತೇನೆ. ಎಲ್ಲರೂ ಹೊಡೆಯುತ್ತಾರೆ.

ಮಿಲ್ ಸೈರನ್

ರೈಲು ಬೇಗ ಬಂತಾ?

ಎರಡು ಗಾಲಿ

ಅಜ್ಜಾ, ಸಿಕ್ಕಿಹಾಕಿಸಿದಿರಿ. ಸರಿ, ನಾಳೆ ಗೇಟಿನಲ್ಲಿ ಉಸಿರು ಎಣಿಸುತ್ತೇನೆ. ಹಿಂದಿನವನು ಹಾರ್ನ್ ಹೊಡೆದರೆ ನೀವೇ ಜವಾಬ್ದಾರಿ.

ನೈಟ್ ಡ್ಯೂಟಿ

ನಾನು ನರ್ಸ್. ಇಲ್ಲಿ ಎಲ್ಲರೂ ಧ್ಯಾನ ಎಲ್ಲರಿಗೂ ಒಳ್ಳೆಯದು ಅನ್ನೋ ಹಾಗೆ ಮಾತಾಡುತ್ತಿದ್ದೀರಿ. ಸ್ವಲ್ಪ ತಡೆಯಿರಿ. ಕೆಲವರಿಗೆ ಕಣ್ಣು ಮುಚ್ಚಿ ಕೂತರೆ ಹೆದರಿಕೆ ಜಾಸ್ತಿ ಆಗುತ್ತದೆ, ಹಳೆಯ ಕಹಿ ಎಲ್ಲ ಮೇಲೆ ಬರುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಇಂಥ ತೊಂದರೆಗಳ ಮೇಲೆಯೇ ಸಂಶೋಧನೆ ಮಾಡಿದ್ದಾರೆ. ನನಗೇ ಆಗಿದೆ. ಸತತ ರಾತ್ರಿ ಪಾಳಿ ಮಾಡಿ, ನಿದ್ದೆ ಕೆಟ್ಟು, ಆಗ ಧ್ಯಾನಕ್ಕೆ ಕೂತರೆ ಎದೆ ಡವಡವ. ಎಳೆದು ಎಳೆದು ಉಸಿರು ಬಿಡುವುದು. ನನಗೆ ಆಗ ಬೇಕಿದ್ದದ್ದು ಧ್ಯಾನ ಅಲ್ಲ, ನಿದ್ದೆ.

ಅಕ್ಕ, ನಿಮಗೆ ನಿದ್ದೆ ಸರಿ ಬರುತ್ತಿದೆಯಾ? ಹಗಲು ಕೆಲಸ, ರಾತ್ರಿ ರೊಟ್ಟಿ, ಬೆಳಿಗ್ಗೆ ಎದ್ದು ಧ್ಯಾನ. ಲೆಕ್ಕ ಹಾಕಿದರೆ ಮಲಗುವುದು ಎಷ್ಟು ಹೊತ್ತು? ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ ಡಾಕ್ಟರ್ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416 ನಂಬರ್ ಇದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಇದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ.

ಬೀಜಗಣಿತ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. 2014ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಧ್ಯಾನದ ಮೇಲಿನ 47 ಪ್ರಯೋಗಗಳನ್ನು, 3,515 ಜನರ ಮಾಹಿತಿಯನ್ನು ಒಟ್ಟಿಗೆ ಹಾಕಿ ನೋಡಿದರು. ಆತಂಕ, ಖಿನ್ನತೆ, ನೋವು ಇವು ಒಂದು ಮಟ್ಟಿಗೆ ಕಡಿಮೆಯಾಗುತ್ತವೆ ಅಂತ ಸಿಕ್ಕಿತು. ಪಾಸಿಟಿವ್ ಮನಸ್ಥಿತಿ ಜಾಸ್ತಿ ಆಗುತ್ತದೆ ಅನ್ನೋದಕ್ಕೆ ಮಾತ್ರ ಸಾಕಷ್ಟು ಆಧಾರ ಸಿಗಲಿಲ್ಲ. ಅಂದರೆ ಹೊರೆ ಸ್ವಲ್ಪ ಇಳಿಯಬಹುದು. ಹೂವಿನ ಹಾರ ಹಾಕಿ ಕಳಿಸುತ್ತಾರೆ ಅಂದುಕೊಳ್ಳಬೇಡಿ.

ಬೆಳಗಿನ ಐದೂವರೆ

ನಾನು ಒಪ್ಪಲ್ಲ. ನನಗೆ ಖುಷಿ ಜಾಸ್ತಿ ಆಗಿದೆ. ನನ್ನ ಹೆಂಡತಿಯನ್ನು ಕೇಳಿ.

ಮಂಡಕ್ಕಿ ಮೆಣಸಿನಕಾಯಿ

ನಂಬರ್ ಕೊಡಿ, ಕೇಳುತ್ತೇವೆ.

ಹಿರಿಯೂರಿನವ

ತಾಳ್ಮೆ ಬೇಕಾದರೆ ನಮ್ಮ ವಾಣಿ ವಿಲಾಸ ಸಾಗರ ಅಣೆಕಟ್ಟು ನೋಡಿ. 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ ಬಿದ್ದದ್ದು 2022ಕ್ಕೆ. 89 ವರ್ಷ ಧ್ಯಾನ.

ಏಳು ಸುತ್ತು

ಮಳೆ ಚೆನ್ನಾಗಿ ಬಂತು, ಭದ್ರೆಯಿಂದ ನೀರೂ ಹರಿಸಿದ್ದರು. ಅದಕ್ಕೇ ತುಂಬಿತು. ಸುಮ್ನೆ ಕೂತಿದ್ದಕ್ಕೆ ಅಲ್ಲ.

ಹಿರಿಯೂರಿನವ

ಒಂದು ಉಪಮೆ ಕೊಡೋಕೂ ಬಿಡಲ್ಲವಲ್ಲ ದುರ್ಗದವರು.

ಹೊಳೆ ದಂಡೆ

ಜಾಗ ಬದಲಾಯಿಸಿ ನೋಡಿ ಅಕ್ಕ. ಮಂಚದ ಕೆಳಗೆ ಕ್ರೇಟ್ ಇಟ್ಟುಕೊಂಡು ಅದೇ ಕೋಣೆಯಲ್ಲಿ ಕೂತರೆ ಇನ್ನೇನು ಬರುತ್ತದೆ? ನಾನು ಹರಿಹರದವನು, ತುಂಗಭದ್ರೆ ದಂಡೆಯಲ್ಲಿ ಕೂರುತ್ತೇನೆ. ನಿಮಗೆ ಕುಂದವಾಡ ಕೆರೆ ಇದೆಯಲ್ಲ.

ಎಂಸಿಸಿ ಬಿ ಬ್ಲಾಕ್

ಕುಂದವಾಡ ಕೆರೆಯಲ್ಲಿ ಧ್ಯಾನ! ಬೆಳಿಗ್ಗೆ ಹೋಗಿ ನೋಡಿ. ಒಬ್ಬರ ಫೋನಿನಲ್ಲಿ ಸುಪ್ರಭಾತ, ಇನ್ನೊಬ್ಬರ ಫೋನಿನಲ್ಲಿ ಸುದ್ದಿ, ಮೂವರು ಅಂಕಲ್‌ಗಳು ಸೈಟಿನ ರೇಟು. ಗಾಜಿನ ಮನೆ ಕಡೆ ಹೋದರೆ ರೀಲ್ಸ್ ಮಾಡೋರು. ಸೊಳ್ಳೆ ಬಗ್ಗೆ ನಾನು ಮಾತಾಡುವುದಿಲ್ಲ.

ಏಳು ಸುತ್ತು

ನಮ್ಮ ಚಂದ್ರವಳ್ಳಿಗೆ ಬನ್ನಿ. ಅಂಕಲಿ ಮಠದ ಗುಹೆಯೊಳಗೆ ಹೋದರೆ ಟಾರ್ಚ್ ಆರಿಸಿದ ಕೂಡಲೇ ಸ್ವಂತ ಕೈ ಕಾಣಲ್ಲ. ಹಿಂದೆ ಸಾಧಕರು ಕೂರುತ್ತಿದ್ದ ಜಾಗ ಅದು. ಒಳಗೆ ತಂಪು, ಗೋಡೆಗೆ ಬೆನ್ನು ಕೊಟ್ಟರೆ ಕಲ್ಲಿನ ತಣುಪು ಅಂಗಿ ದಾಟಿ ಬರುತ್ತದೆ. ಈಗ ಗೈಡ್ ಜೊತೆ ಹೋಗಿ ಬರಬೇಕು, ಕೂರೋಕೆ ಬಿಡಲ್ಲ. ಹೊರಗೆ ಕೆರೆ ಏರಿ ಮೇಲೆ ಕೂರಬಹುದು. ತಿಂಡಿ ಮಾತ್ರ ಚೀಲದಿಂದ ತೆಗೆಯಬೇಡಿ. ನಿಜವಾದ ಮರ್ಕಟಗಳಿವೆ.

ಅಂದಹಾಗೆ ಅಲ್ಲೇ ಬಂಡೆ ಮೇಲೆ ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಶಾಸನ ಇದೆ. ಓದೋಕೆ ಅಂತ ಕಂಚಿಗೆ ಹೋಗಿ ಅವಮಾನ ಅನುಭವಿಸಿ ಬಂದವನು ಅವನು. ಅವತ್ತು ಕಂಚಿಯಲ್ಲಿ ‘ಇರಲಿ, ಪಾಸಿಟಿವ್ ಆಗಿರೋಣ’ ಅಂತ ಕಣ್ಣು ಮುಚ್ಚಿ ಕೂತಿದ್ದರೆ ಕದಂಬ ರಾಜ್ಯ ಎಲ್ಲಿ ಬರುತ್ತಿತ್ತು? ಕೋಪಕ್ಕೂ ಒಂದು ಕೆಲಸ ಇದೆ.

ಮಂಡಕ್ಕಿ ಮೆಣಸಿನಕಾಯಿ

ರಾಜ್ಯ ಯಾಕೆ, ದೋಸೆ ತಗೊಳ್ಳಿ. 1928ರಲ್ಲಿ ಬೆಳಗಾವಿ ಕಡೆಯಿಂದ ಚೆನ್ನಮ್ಮ ಅನ್ನೋ ತಾಯಿ ಮಕ್ಕಳ ಜೊತೆ ನಮ್ಮೂರಿಗೆ ಬಂದು, ವಸಂತ ಟಾಕೀಸ್ ಹತ್ತಿರ ರಾಗಿ ದೋಸೆ ಮಾರಿದರು ಅಂತ ಹೇಳುತ್ತಾರೆ. ಹತ್ತು ವರ್ಷದ ಮೇಲೆ ಮಕ್ಕಳು ಅಕ್ಕಿ ಹಿಟ್ಟಿಗೆ ಬಂದು ಬೆಣ್ಣೆ ದೋಸೆ ಮಾಡಿದರಂತೆ. ನೋಡಿ, ಮೊದಲು ಮಾಡಿದ್ದನ್ನೇ ಹಿಡಿದು ಕೂರಲಿಲ್ಲ. ಹಿಟ್ಟು ಬದಲಾಯಿಸಿದರು.

ಹೊಳೆ ದಂಡೆ

ಈಗಿನ ಕೆಲವು ಕಡೆ ಬೆಣ್ಣೆಯನ್ನೂ ಬದಲಾಯಿಸಿದ್ದಾರೆ.

ಮಂಡಕ್ಕಿ ಮೆಣಸಿನಕಾಯಿ

ದಾವಣಗೆರೆಯ ಬೆಣ್ಣೆ ಬಗ್ಗೆ ಹರಿಹರದವರು ಮಾತಾಡಬಾರದು.

ಹೊಳೆ ದಂಡೆ

14 ಕಿಲೋಮೀಟರ್ ದೂರದಿಂದಲೂ ವಾಸನೆ ಗೊತ್ತಾಗುತ್ತದೆ ಸ್ವಾಮಿ. ಸೌದೆ ಒಲೆ ಇರಬೇಕು, ಹಿಟ್ಟಿಗೆ ಮಂಡಕ್ಕಿ ಬಿದ್ದಿರಬೇಕು, ಮೇಲೆ ಬೆಣ್ಣೆ ಕೈಯಿಂದ ಹಾಕಬೇಕು. ಗ್ಯಾಸಿನ ಮೇಲೆ ಮಾಡಿದರೆ ಅದು ಬರೀ ದೋಸೆ.

ಗಾಣದ ಮನೆ

ವಾಸನೆ ಅಂದಿರಲ್ಲ, ಈಗ ನಾನು ಬರಬಹುದು. ಚಳ್ಳಕೆರೆಯವನು, ಮೂರು ತಲೆಮಾರಿನಿಂದ ಶೇಂಗಾ, ಎಣ್ಣೆ ವ್ಯವಹಾರ. ಧ್ಯಾನ ನನಗೆ ಗೊತ್ತಿಲ್ಲ. ಕಮಟು ಗೊತ್ತು. ಇಷ್ಟು ಜನ ಇಷ್ಟು ಮಾತಾಡಿದಿರಿ, ಪುಡಿ ಯಾಕೆ ಕಮಟು ಹೊಡೆಯಿತು ಅಂತ ಒಬ್ಬರೂ ಕೇಳಲಿಲ್ಲವಲ್ಲ!

ತಾಯಿ, ನಾಲ್ಕು ಪ್ರಶ್ನೆ. ಆ ಸಲ ಕೊಬ್ಬರಿ ಹಾಕಿದ್ದಿರಾ? ಪುಡಿ ಬಿಸಿ ಇರುವಾಗಲೇ ಪ್ಯಾಕ್ ಮಾಡಿದಿರಾ? ಬೆಳ್ಳುಳ್ಳಿ ಹಸಿಯಾಗಿ ಹಾಕಿದಿರಾ, ಒಣಗಿಸಿ ಹಾಕಿದಿರಾ? ಕವರು ಪಾರದರ್ಶಕದ್ದಾ?

ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಹುರಿದು ಪುಡಿ ಮಾಡಿದರೆ ಎಣ್ಣೆ ಹೊರಗೆ ಬಂದು ಗಾಳಿಗೆ ಸಿಗುತ್ತದೆ. ಗಾಳಿ, ಬೆಳಕು, ಬಿಸಿ, ತೇವ. ಈ ನಾಲ್ಕು ಸೇರಿದರೆ ಕಮಟು. ಮಿಕ್ಸಿಯಲ್ಲಿ ಒಂದೇ ಸಮ ತಿರುಗಿಸಿದರೆ ಜಾರೇ ಬಿಸಿಯಾಗುತ್ತದೆ, ಪುಡಿ ಮುದ್ದೆ ಕಟ್ಟುತ್ತದೆ. ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಪುಡಿಯನ್ನು ಅಗಲ ತಟ್ಟೆಯಲ್ಲಿ ಹರಡಿ, ಕೈ ಇಟ್ಟರೆ ತಣ್ಣಗೆ ಅನಿಸುವವರೆಗೆ ಬಿಡಿ. ಬಿಸಿಯಲ್ಲಿ ತುಂಬಿದರೆ ಕವರಿನ ಒಳಗೆ ಬೆವರುತ್ತದೆ. ಅಂಗಡಿಯ ಮುಂದೆ ಬಿಸಿಲಿಗೆ ನೇತು ಹಾಕುವ ತೆಳು ಕವರು ಬೇಡವೇ ಬೇಡ, ಒಳಗೆ ಬೆಳ್ಳಿ ಬಣ್ಣ ಇರುವ ದಪ್ಪ ಕವರು ತಗೊಳ್ಳಿ. ಮಾರುವ ಪುಡಿಗೆ ಕೊಬ್ಬರಿ ಹಾಕಲೇಬೇಡಿ. ಮನೆಗೆ ಹಾಕಿಕೊಳ್ಳಿ, ವಾರದಲ್ಲಿ ಖಾಲಿಯಾಗುತ್ತದೆ.

ರೊಟ್ಟಿ ತಟ್ಟುವವಳು

ಕೊಬ್ಬರಿ ಹಾಕಿದ್ದೆ. ಆ ಸಲ ಮಾತ್ರ. ರುಚಿ ಜಾಸ್ತಿ ಆಗಲಿ ಅಂತ.

ಬಿಸಿಯಲ್ಲೇ ತುಂಬಿದ್ದೂ ನಿಜ. ಮರುದಿನ ಬೆಳಿಗ್ಗೆ ಕೊಡಬೇಕಿತ್ತು, ರಾತ್ರಿ ಒಂದೂವರೆ ಆಗಿತ್ತು. ನಿದ್ದೆಯ ಲೆಕ್ಕ ಕೇಳಿದ ನರ್ಸಮ್ಮನಿಗೆ ಉತ್ತರ ಇದರಲ್ಲೇ ಇದೆ.

ನಾನು ನಿಜ ಹೇಳುತ್ತೇನೆ, ಈ ಮೂರು ವಾರದಲ್ಲಿ ಒಂದು ಸಲವೂ ಕೊಬ್ಬರಿ ನೆನಪಾಗಲಿಲ್ಲ. ನನ್ನ ಯೋಚನೆ ಕೆಟ್ಟದ್ದಾಗಿದ್ದಕ್ಕೆ ಪುಡಿ ಕೆಟ್ಟಿತು ಅಂತಲೇ ಇದ್ದೆ. ಬರೆಯುವಾಗ ಈಗ ಪೆದ್ದುತನ ಅನಿಸುತ್ತಿದೆ.

ನೈಟ್ ಡ್ಯೂಟಿ

ಪೆದ್ದುತನ ಅಲ್ಲ. 1,500 ರೂಪಾಯಿ ಕೊಟ್ಟು ಕೇಳಿಸಿಕೊಂಡ ಮಾತು, ಸುಲಭಕ್ಕೆ ಬಿಡಲ್ಲ. ಕಾಯಿಲೆ ಬಂದವರಿಗೂ ‘ನೀನು ಪಾಸಿಟಿವ್ ಆಗಿರಲಿಲ್ಲ, ಅದಕ್ಕೇ ಬಂತು’ ಅನ್ನೋರನ್ನು ವಾರ್ಡಿನಲ್ಲಿ ನೋಡಿದ್ದೇನೆ. ಮೈ ಉರಿಯುತ್ತದೆ.

ಬೆಳಗಿನ ಐದೂವರೆ

ಆ ಮಾತು ತಪ್ಪು, ಒಪ್ಪಿದೆ. ನನ್ನ ತಂಗಿಗೂ ಆಸ್ಪತ್ರೆಯಲ್ಲಿದ್ದಾಗ ಯಾರೋ ಹಾಗೆ ಹೇಳಿ ಅಳಿಸಿದ್ದರು. ಅದನ್ನು ನಾನು ಯಾವತ್ತೂ ಹೇಳಿಲ್ಲ, ಹೇಳುವುದೂ ಇಲ್ಲ. ನನ್ನ ಐದೂವರೆ ಮಾತ್ರ ಬಿಡಲ್ಲ.

ಮಿಲ್ ಸೈರನ್

ಬಿಡಬೇಡಿ, ಯಾರೂ ತಡೆದಿಲ್ಲ ಸ್ವಾಮಿ. ಮಗಳೇ, ಈಗ ಆ ಕ್ರೇಟು ತೆಗಿ. ಮೊದಲು ಹತ್ತು ನಿಮಿಷ ಕೂತು, ಆಮೇಲೆ ತೆಗಿ. ಕೆಟ್ಟಿದ್ದರೆ ಪಕ್ಕದ ಮನೆ ಎಮ್ಮೆಗೆ ಹಾಕು, ಯಾಕೆ ದಂಡ.

ಗಾಣದ ಮನೆ

ಅಜ್ಜಾ, ಬೇಡ ಬೇಡ. ಬೂಸ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು. ಎಮ್ಮೆ ತಿಂದರೆ ಹಾಲಿಗೂ ಬರುತ್ತದೆ. ಅನುಮಾನ ಇದ್ದರೆ ಮಣ್ಣಿಗೆ ಹಾಕಿ.

ಮಿಲ್ ಸೈರನ್

71 ವರ್ಷಕ್ಕೆ ಒಂದು ಹೊಸದು ಕಲಿತೆ. ಆಯಿತು, ಮಣ್ಣಿಗೆ.

ರೊಟ್ಟಿ ತಟ್ಟುವವಳು

ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ಕ್ರೇಟನ್ನು ಎಳೆದು ಮುಂದೆ ಇಟ್ಟುಕೊಂಡೇ ಕೂತೆ. ಹಸಿರು ಬೋರ್ಡು ಕರೆಯಲಿಲ್ಲ. ಏಳು ಸುತ್ತಿನವರು ಹೇಳಿದ ಹಾಗೆ ಮೂಗಿನ ಕೆಳಗೆ ಗಾಳಿ ನೋಡುತ್ತಾ ಇದ್ದೆ. ಚೀಟಿ ಬಂತು. ಬರಲಿ ಅಂತ ಬಿಟ್ಟೆ. ಹೊಟ್ಟೆಯಲ್ಲಿ ಒಂದು ಹಿಂಡಿದ ಹಾಗೆ ಆಯಿತು, ಆಮೇಲೆ ಸಡಿಲ ಆಯಿತು. ನಡುವೆ ಗ್ಯಾಸ್ ಸಿಲಿಂಡರ್ ಬುಕ್ ಮಾಡೋದು ನೆನಪಾಯಿತು. ಅದನ್ನೂ ಬಿಟ್ಟೆ. ಎಮ್ಮೆಯೂ ಒಂದು ಸಲ ಬಂತು ಅಜ್ಜಾ.

ಕಣ್ಣು ಬಿಟ್ಟು ಒಂದೊಂದೇ ಪ್ಯಾಕೆಟ್ ಕತ್ತರಿಸಿ ಮೂಸಿದೆ. ನೋಡಿದರೆ ಎರಡು ತಾರೀಖಿನ ಮಾಲು ಒಂದೇ ಕ್ರೇಟಿನಲ್ಲಿತ್ತು. ಕೊಬ್ಬರಿ ಹಾಕಿದ 26 ಪ್ಯಾಕೆಟ್ ಹಳೇ ಎಣ್ಣೆ ಡಬ್ಬಿಯ ವಾಸನೆ. ಹಿಂದಿನ ವಾರದ 14ರಲ್ಲಿ ಏನೂ ಇಲ್ಲ, ಶೇಂಗಾ ಘಮ ಹಾಗೇ ಇದೆ. ಅಂಗಡಿಯವರು ಕೆಲವು ತೆಗೆದು ನೋಡಿ ಎಲ್ಲ ಕಳಿಸಿದ್ದಾರೆ. ಅವರನ್ನು ಏನೂ ಅನ್ನುವ ಹಾಗಿಲ್ಲ. 26 ಮಣ್ಣಿಗೆ ಹೋಯಿತು. 14 ನಮ್ಮ ಮನೆಗೆ.

ಆಮೇಲೆ ಅಂಗಡಿಗೆ ಫೋನ್ ಮಾಡಿದೆ. ಕೈ ನಡುಗುತ್ತಿತ್ತು, ಸುಳ್ಳು ಹೇಳಲ್ಲ. ಹೀಗೆ ಹೀಗೆ ಆಗಿದೆ, ಕೊಬ್ಬರಿಯಿಂದ, ಇನ್ನು ಹಾಕಲ್ಲ, ಐದು ಪ್ಯಾಕೆಟ್ ಪುಕ್ಕಟೆ ಇಟ್ಟು ನೋಡಿ ಅಂದೆ. ‘ಹಬ್ಬ ಮುಗೀಲಿ, ನೋಡೋಣ’ ಅಂದರು. ಹೌದೂ ಅಲ್ಲ, ಇಲ್ಲವೂ ಅಲ್ಲ.

ಇನ್ನು ಮೇಲೆ ಗುರುವಾರ ರಾತ್ರಿ ಕೆಲಸ ಇಲ್ಲ, ಬರೀ ನಿದ್ದೆ. ಧ್ಯಾನ 20ರಿಂದ 10 ನಿಮಿಷಕ್ಕೆ ಇಳಿಸಿದ್ದೇನೆ. ಪ್ಯಾಕೆಟ್ ಮೇಲೆ ತಾರೀಖಿನ ಜೊತೆ ಬ್ಯಾಚ್ ನಂಬರೂ ಹಾಕುತ್ತಿದ್ದೇನೆ.

ಬೀಜಗಣಿತ

ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿದ್ದೀರಾ? ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಅಷ್ಟೇ. ಶಿಬಿರದ ದುಡ್ಡಿನಲ್ಲಿ 15 ವರ್ಷ ಕಟ್ಟಬಹುದಿತ್ತು.

ರೊಟ್ಟಿ ತಟ್ಟುವವಳು

ಮೇಷ್ಟ್ರೇ, ಗಾಯಕ್ಕೆ ಉಪ್ಪು! ನೋಂದಣಿ ಇದೆ. ಮೊದಲು ಮಾಡಿದ ಕೆಲಸವೇ ಅದು.

ಎರಡು ಗಾಲಿ

ಗೇಟಿನ ವರದಿ: 43 ಉಸಿರಿಗೆ ರೈಲು ಬಂತು. ಹಿಂದಿನವನು ಹಾರ್ನ್ ಹೊಡೆದ. ಬೈದೆ. ಮತ್ತೆ ಒಂದರಿಂದ ಎಣಿಸಿದೆ. ಅಕ್ಕ, ಬೋರ್ಡ್ ಹಾಕುವ ದಿನ ಫೋಟೋ ನಾನೇ ತೆಗೆಯುತ್ತೇನೆ. ಅಷ್ಟರೊಳಗೆ ಕ್ಯಾಮೆರಾ ತಗೊಂಡಿರುತ್ತೇನೆ.

ಬೆಳಗಿನ ಐದೂವರೆ

ನೋಡಿದಿರಾ, ಈಗ ನೀವೂ ಬೋರ್ಡು ಕಣ್ಣ ಮುಂದೆ ತಂದುಕೊಂಡಿರಿ!

ಮಂಡಕ್ಕಿ ಮೆಣಸಿನಕಾಯಿ

ಶುರುವಾಯಿತು ಮತ್ತೆ. ಅಕ್ಕ, ನನಗೆ ಗುರೆಳ್ಳು ಪುಡಿ ಅರ್ಧ ಕಿಲೋ, ಖಡಕ್ ರೊಟ್ಟಿ 50. ಕೊಬ್ಬರಿ ಇಲ್ಲ ತಾನೆ?

ರೊಟ್ಟಿ ತಟ್ಟುವವಳು

ಗುರೆಳ್ಳಿಗೆ ಯಾವತ್ತೂ ಹಾಕಿಲ್ಲ. ಶನಿವಾರ ಸಂಜೆ ಕೊಡುತ್ತೇನೆ, ಶುಕ್ರವಾರ ರಾತ್ರಿ ತಣ್ಣಗಾಗಲು ಬಿಡಬೇಕು.